ಹೆಸರು ಹೇಳಿದರೂ ಸಿಗದವನು

ಮುಂಬಯಿಯ ಭಾಂಡುಪಿನ ಖಾಸಗಿ ಆಸ್ಪತ್ರೆಯೊಂದರ ವಿಚಾರಣೆ ಕಿಟಕಿಯಲ್ಲಿ ಕೂತು ಕೂತೇ ರಹೀಮಾಳ ಕೂದಲು ಅರ್ಧ ಬೆಳ್ಳಗಾಗಿದೆ. ವಿಜಯಪುರದ ಕಡೆಯವಳು, ಎದುರಿಗೆ ನಿಂತವರ ಮುಖ ನೋಡಿಯೇ ಹಿಂದಿಯೋ ಕನ್ನಡವೋ ಎಂದು ತೀರ್ಮಾನಿಸುತ್ತಾಳೆ. ಮೊದಲು ರೋಗಿಗಳ ಹೆಸರುಗಳು ಅಕಾರಾದಿ ಸಾಲಿನಲ್ಲಿದ್ದವು. ತಪ್ಪು ಹೇಳಿದರೂ ಅಕ್ಕಪಕ್ಕ ಕಣ್ಣಾಡಿಸಿದರೆ ಮನುಷ್ಯ ಸಿಗುತ್ತಿದ್ದ. ರೋಗಿಗಳು ಲಕ್ಷಗಟ್ಟಲೆ ಆದ ಮೇಲೆ ಹ್ಯಾಶಿಂಗ್ ಬಂತು. ಹೆಸರಿನ ಅಕ್ಷರಗಳಿಂದ ಕಂಪ್ಯೂಟರ್ ಒಂದು ಅಂಕಿ ಲೆಕ್ಕ ಹಾಕಿ, ಆ ಅಂಕಿಯ ಗೂಡಿನಲ್ಲಿ ಫೈಲು ಇಡುತ್ತದೆ. ಹುಡುಕುವಾಗಲೂ ನೇರ ಅದೇ ಗೂಡಿಗೆ ಕೈ ಹಾಕುತ್ತದೆ. ಬೇಗ ಸಿಗುತ್ತದೆ, ಸುಳ್ಳಲ್ಲ. ಆದರೆ ಒಂದಕ್ಷರ ಬದಲಾದರೆ ಗೂಡೇ ಬೇರೆ. ಮುಂಬಯಿಯ ಹೊಸ ಬಿಲ್ಡಿಂಗುಗಳ ಹಾಗೆ, ಅಲ್ಲಿ ನೆರೆಹೊರೆ ಎಂಬುದೇ ಇಲ್ಲ.

ಆ ಮಂಗಳವಾರ ಉಡುಪಿ ಕಡೆಯ ಸೇವಂತಿ ಏದುಸಿರು ಬಿಡುತ್ತಾ ಬಂದಳು. ಗಂಡ ಹೋಟೆಲಿನಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ. ಜೊತೆಗೆ ಕೆಲಸ ಮಾಡುವ ಮೋನಪ್ಪ, ಇಲ್ಲಿಗೆ ಸೇರಿಸಿದ್ದೇನೆಂದು ಫೋನು ಮಾಡಿದ್ದ. ಆಮೇಲೆ ಅವನ ಫೋನು ಸತ್ತಿತ್ತು.

"ಗಂಡನ ಹೆಸರು ಹೇಳ್ರೀ ಬಾಯಿ."

"ಅಯ್ಯೋ, ಅವರ ಹೆಸರು ನಾನು ಹೇಳ್ಲಿಕ್ಕುಂಟಾ?"

"ಹೇಳದಿದ್ರ ಇದು ಹುಡುಕಾಂಗಿಲ್ಲರೀ."

ಮದುವೆಯಾದಂದಿನಿಂದ 'ಇವರು' ಎಂದೇ ಅಂದವಳು, ಸೆರಗನ್ನು ಬಾಯಿಗೆ ಹಿಡಿದು "ಚೆನ್ನಯ" ಎಂದಳು.

ಇಲ್ಲ. ರಹೀಮಾ ಚನ್ನಯ, ಚೆನ್ನಯ್ಯ, ಚನ್ನಯ್ಯ, ಎಲ್ಲ ಹೊಡೆದು ನೋಡಿದಳು. ಇಲ್ಲ. ಕಂಪ್ಯೂಟರ್ ವಿಭಾಗದ ಸೊಹೈಲನಿಗೆ ಫೋನು ಹಚ್ಚಿದಳು. "ಇವತ್ತ ಬಂದವರನ್ನೆಲ್ಲಾ ಸಾಲಾಗಿ ತೋರಸಪಾ."

"ಆಂಟಿ, ಈ ಫೈಲ್‌ನ್ಯಾಗ ಸಾಲೇ ಇಲ್ಲ. ಎಕ್ಸಾಕ್ಟ್ ನಾಮ್ ಚಾಹಿಯೇ, ಬಸ್. ಬರೆಸಿದ ಹೆಸರೇ ಬೇಕು."

ಮೇಲೆ ಬಿಡಲು ಕಾವಲುಗಾರನಿಗೆ ವಾರ್ಡ್ ನಂಬರ್ ಬೇಕು. ವಾರ್ಡ್ ನಂಬರ್ ಇರುವುದು ಸಿಗದ ಫೈಲಿನಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ತಾನೇ ಎದ್ದು ಹೋಗಿ ಹುಡುಕೋಣವೆಂದರೆ ಸೇವಂತಿಯ ಹಿಂದೆ ಜನ ಬಾಗಿಲವರೆಗೆ ನಿಂತಿದ್ದರು. ಬೆಂಚಿನ ಮೇಲೆ ಕೂರಲು ಸೇವಂತಿಗೆ ಹೇಳಿ ರಹೀಮಾ ಮುಂದಿನವರ ಹೆಸರು ಕೇಳಿದಳು.

ಮಧ್ಯಾಹ್ನ ಕಳೆದ ಮೇಲೆ ಮೋನಪ್ಪನೇ ಕೆಳಗಿಳಿದು ಬಂದ. ಬೆಂಚಿನ ಮೇಲೆ ಕೂತಿದ್ದ ಸೇವಂತಿಯನ್ನು ಕಂಡು ಅಲ್ಲೇ ನಿಂತುಬಿಟ್ಟ.

"ಅತ್ತಿಗೆ, ನೀವು ಇಲ್ಲೇ ಇದ್ದದ್ದಾ? ಚೆನ್ನಣ್ಣ ನಿಮ್ಮನ್ನೇ ಕೇಳ್ತಾ ಇದ್ರು. ಈಗಷ್ಟೇ ಹೋದ್ರು."

ಚೆನ್ನಣ್ಣ! ಹೋಟೆಲಿನವರೆಲ್ಲ ಕರೆಯುವ ಹೆಸರನ್ನೇ ಮೋನಪ್ಪ ಬರೆಸಿದ್ದ. ಅವನಿಗೆ ಬೇರೆ ಹೆಸರು ಗೊತ್ತಿದ್ದರಲ್ಲವೇ?

ಸೇವಂತಿ ಅಳಲಿಲ್ಲ. ಎದ್ದು ಬಂದು ಕಿಟಕಿಯ ಕಂಬಿ ಹಿಡಿದಳು.

"ನಾನು ಬಾಯಿಬಿಟ್ಟು ಅವರ ಹೆಸರು ಹೇಳಿದೆನಲ್ಲ ಅಕ್ಕಾ, ಅದಕ್ಕೇ ಅವರ ಆಯುಸ್ಸು ಮುಗೀತು."

ಅಲ್ಲ ಎನ್ನಲು ರಹೀಮಾ ಬಾಯಿ ತೆರೆದಳು. ಅಲ್ಲವೆಂದರೆ, ನೀನು ಹೇಳಿದ ಹೆಸರಿನವನು ಇಲ್ಲಿ ಇರಲೇ ಇಲ್ಲ, ನೀನು ಹೇಳಿದ್ದೇ ವ್ಯರ್ಥವಾಯಿತೆಂದೂ ಹೇಳಬೇಕಾಗುತ್ತಿತ್ತು. ಅವಳು ಕಂಬಿ ಹಿಡಿದಿದ್ದ ಸೇವಂತಿಯ ಕೈಯ ಮೇಲೆ ತನ್ನ ಕೈ ಇಟ್ಟಳು.