ಅಣಬೆಗೂ ಬರಿ ಉಂಟಾ?

ಹುಡುಗ ಚೆನ್ನಾಗಿದ್ದ. ಅವನ ಅಪ್ಪ ಅಮ್ಮ ಅವನಿಗಿಂತ ಚೆನ್ನಾಗಿದ್ದರು. ಕಡಬದಿಂದ ಪುತ್ತೂರಿಗೆ ಹೆಣ್ಣು ನೋಡಲು ಬಂದವರು ಗೋಳಿಬಜೆ ತಿಂದು ಚಹಾಕ್ಕೆ ಕೈಹಾಕುವಷ್ಟರಲ್ಲಿ ನನ್ನಣ್ಣ ಗಂಟಲು ಸರಿಮಾಡಿಕೊಂಡ. "ಬರಿ ಯಾವುದು?"

(ಗೊತ್ತಿಲ್ಲದವರಿಗೆ: ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಗುರುತು. ಅಪ್ಪನದು ಲೆಕ್ಕಕ್ಕಿಲ್ಲ. ಹುಡುಗ ಹುಡುಗಿಯದು ಒಂದೇ ಬರಿಯಾದರೆ ಮದುವೆ ಕೂಡದು.)

ಹುಡುಗನ ಅಮ್ಮ ಹಾಸನದವರು. ಅಲ್ಲಿ ಈ ಬರಿ ಗಿರಿ ಏನೂ ಇಲ್ಲ. "ನನಗೇ ಇಲ್ಲ, ಇವನಿಗೆ ಎಲ್ಲಿಂದ ಬರಬೇಕು?" ಎಂದು ನಕ್ಕರು. ಅಣ್ಣ ನಗಲಿಲ್ಲ. ಹುಡುಗಿಯ ಸೋದರಮಾವ ನಗದಿದ್ದರೆ ನಮ್ಮಲ್ಲಿ ಮದುವೆ ನಿಂತಿತೆಂದೇ ಅರ್ಥ.

ಹುಡುಗಿ ನಿಶ್ಮಿತಾ, ನನ್ನಕ್ಕನ ಮಗಳು. ಅಣಬೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಹುಡುಗ ಅವಳಿಗೆ ತುಂಬ ಇಷ್ಟವಾಗಿದ್ದ.

ಬಂದವರನ್ನು "ಫೋನ್ ಮಾಡ್ತೇವೆ" ಎಂದು ಸಾಗಹಾಕಿದ ಮೇಲೆ ಅಣ್ಣನಿಗೆ ವಿಜ್ಞಾನ ನೆನಪಾಯಿತು. "ತಾಯಿಯಿಂದ ಮಾತ್ರ ಬರುವ ಡಿಎನ್‌ಎ ಉಂಟು, ಮೈಟೊಕಾಂಡ್ರಿಯಾದ್ದು. ನಮ್ಮ ಹಿರಿಯರು ಬರಿ ಅಂತ ಹೇಳಿದ್ದು ಅದನ್ನೇ. ಇಡೀ ಸೃಷ್ಟಿಗೆ ಒಂದೇ ನಿಯಮ!" ವಾಟ್ಸ್ಆ್ಯಪ್‌ನಲ್ಲಿ ಓದಿದ್ದು. ಮತ್ತೆಲ್ಲಿ?

"ಅಣಬೆಗೆ ಅಪ್ಪ ಅಮ್ಮ ಅಂತಲೇ ಇಲ್ಲ ಮಾವ" ಎಂದಳು ನಿಶ್ಮಿತಾ. "ಎರಡು ಅಣಬೆಯ ಎಳೆಗಳು ಕೂಡುವಾಗ ನ್ಯೂಕ್ಲಿಯಸ್ ಮಾತ್ರ ಅತ್ತಿತ್ತ ಹೋಗುದು. ಮೈಟೊಕಾಂಡ್ರಿಯಾ ಹೆಚ್ಚಾಗಿ ಇದ್ದಲ್ಲೇ ಉಳಿತದೆ. ಈಚೆ ಬದಿಯಲ್ಲಿ ಇದರದ್ದು, ಆಚೆ ಬದಿಯಲ್ಲಿ ಅದರದ್ದು. ನಡುವಿನ ಗಡಿಯಲ್ಲಿ ಕೆಲವು ಸಲ ಮಿಕ್ಸ್ ಆಗುದೂ ಉಂಟು. ಬ್ರೆಡ್ಡಿಗೆ ಹಾಕುವ ಯೀಸ್ಟಿಗೆ ಎರಡೂ ಕಡೆಯಿಂದ ಬರ್ತದೆ. ಎಲ್ಲಿಯ ಒಂದೇ ನಿಯಮ?"

"ಅಣಬೆಗೂ ಬರಿ ಉಂಟಾ ಮಾರಾಯ್ತಿ?" ಅಣ್ಣ ಗಹಗಹಿಸಿದ.

ಅವಳು ಬಿಡಲಿಲ್ಲ. "ಆಯ್ತು, ಅಣಬೆ ಬಿಡಿ. ಬರಿ ಅಮ್ಮನಿಂದ ಬರುದಾದ್ರೆ ನನ್ನ ಮಕ್ಕಳಿಗೆ ನನ್ನದೇ ಬರ್ತದಲ್ಲ? ಹುಡುಗನಿಗೆ ಇಲ್ಲದಿದ್ರೆ ಯಾರಿಗೆ ನಷ್ಟ? ಒಂದೇ ಬರಿ ಆಗುವ ಹೆದರಿಕೆಯೂ ಇಲ್ಲ."

ಅಣ್ಣನಿಂದ ನಮ್ಮೂರಿನ ಬ್ರಹ್ಮಾಸ್ತ್ರ ಹೊರಬಂತು. "ಅದೆಲ್ಲ ಸರಿ. ನಾಳೆ ಜನ ಎಂತ ಹೇಳುದು?"

ಯಾವ ಜನ? ತಾಯಿಯ ಕುಲವೇ ನಮ್ಮ ಕುಲ ಎಂದು ವೇದಿಕೆ ಹತ್ತಿ ಎದೆ ತಟ್ಟಿಕೊಳ್ಳುವ ಜನವೇ? ಹುಡುಗಿಯ ತಾಯಿ ಅಷ್ಟು ಹೊತ್ತೂ ಅಡುಗೆಕೋಣೆಯಲ್ಲಿ ಲೋಟ ತೊಳೆಯುತ್ತಿದ್ದಳು. ಅವಳ ಅಭಿಪ್ರಾಯವನ್ನು ಒಬ್ಬರೂ ಕೇಳಲಿಲ್ಲ. ತಾಯಿಯ ಬರಿ ಬೇಕು, ತಾಯಿಯ ಮಾತು ಬೇಡ! ಇಂಥ ದೊಡ್ಡಸ್ತಿಕೆಗೆ ನನ್ನದೊಂದು ಧಿಕ್ಕಾರ.

ಹುಡುಗನ ಮನೆಗೆ ಫೋನು ಇನ್ನೂ ಹೋಗಿಲ್ಲ. ನಿಶ್ಮಿತಾ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿಲ್ಲ.

ಇನ್ನೊಂದು ವಿಷಯ. ಅಣ್ಣನ ಸೊಸೆ, ಅಂದರೆ ಮಗನ ಹೆಂಡತಿ, ಅದೇ ಹಾಸನದ ಕಡೆಯ ಸಕಲೇಶಪುರದವಳು. ಆ ಮದುವೆಯಲ್ಲಿ ಬರಿಯ ಸುದ್ದಿಯೇ ಬಂದಿರಲಿಲ್ಲ. (ಹೆಣ್ಣು ತರುವಾಗ ಘಟ್ಟ ಅಡ್ಡ ಬರುವುದಿಲ್ಲ, ಕೊಡುವಾಗ ಮಾತ್ರ.) ಮೊನ್ನೆ ಅಣ್ಣ ಈ ತೀರ್ಪು ಕೊಟ್ಟದ್ದು ಅವಳ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ. ಅವನು ತಪ್ಪದೆ ಓದುವ ಅಂಕಣ ಇದು, ಹಾಗಾಗಿ ಇಲ್ಲೇ ಕೇಳುತ್ತೇನೆ.

ಅಣ್ಣಾ, ನಿನ್ನ ಮೊಮ್ಮಗನ ಬರಿ ಯಾವುದು?