ಗೂಗೆ ನೋಡುವ ಹುಚ್ಚು

ನನಗೆ ಗೂಗೆ ನೋಡುವ ಹುಚ್ಚು. ಹೀಗೆಂದ ಕೂಡಲೇ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕ್ರಿಕೆಟ್ ನೋಡುವವನನ್ನು, ಇಸ್ಪೀಟು ಆಡುವವನನ್ನು ಯಾರೂ ಏಕೆಂದು ಕೇಳುವುದಿಲ್ಲ. ನನ್ನನ್ನು ಮಾತ್ರ ಕೇಳುತ್ತಾರೆ, ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ನಿಧಿ ಹುಡುಕುತ್ತಾನೆ. ಮಾಟ ಮಾಡುವವರಿಗೆ ಹಿಡಿದು ಮಾರುತ್ತಾನೆ. ಇವೆರಡೂ ಅಲ್ಲವಾದರೆ ತಲೆ ಕೆಟ್ಟಿದೆ.

ಮನೆ ಹುಮನಾಬಾದಿನಲ್ಲಿ, ಕೆಲಸ ಬಸವಕಲ್ಯಾಣದ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ. ಸಂಜೆ ಅಂಗಡಿ ಬಿಟ್ಟವನು ನೇರ ಬಸ್ ಸ್ಟ್ಯಾಂಡಿಗೆ ಹೋಗುವುದಿಲ್ಲ. ಊರ ಹೊರಗೆ ಒಂದು ಹಾಳು ಬಾವಿ ಇದೆ. ಅದರ ಒಳಗೋಡೆಯಲ್ಲಿ ಕಲ್ಲು ಕಳಚಿದ ಕಡೆ ಒಂದು ಪೊಟರೆ, ಪೊಟರೆಯಲ್ಲಿ ಗೂಗೆಗಳ ಜೋಡಿ. ಮುಖ ಬಿಳಿ, ಬೆನ್ನು ಗೋಧಿಯ ಬಣ್ಣ. ಹೊತ್ತು ಮುಳುಗಿದ ಮೇಲೆ ಅವುಗಳಲ್ಲಿ ಒಂದು ಬಾವಿಯಿಂದ ಮೇಲೇಳುತ್ತದೆ. ರೆಕ್ಕೆಯ ಸದ್ದು ಚೂರೂ ಕೇಳುವುದಿಲ್ಲ. ದಿನವಿಡೀ ಗಿರಾಕಿಗಳ ಮುಂದೆ ಗಂಟಲು ಹರಿದುಕೊಂಡವನಿಗೆ ಆ ಸದ್ದಿಲ್ಲದ ಹಾರಾಟ ಏನು ಕೊಡುತ್ತದೆ ಎಂದು ಯಾರಿಗೆ ಹೇಳಲಿ! ನನ್ನ ಹತ್ತಿರ ಇರುವುದು ಒಂದು ಹಳೇ ದುರ್ಬೀನು. ಬಲೆ ಇಲ್ಲ, ಪಂಜರ ಇಲ್ಲ, ಕುಂಕುಮ ಹಚ್ಚಿದ ನಿಂಬೆಹಣ್ಣೂ ಇಲ್ಲ.

"ಮಗಳ ಲಗ್ನ ಮಾಡೋದದ. ಗೂಗಿ ಹಿಡಿಯೋನ ಮಗಳು ಅಂದ್ರ ನಮ್ಮ ಹೊಸ್ತಿಲ ಯಾರು ತುಳೀತಾರ್ರಿ?" ಎಂದು ಹೆಂಡತಿ ಕೇಳುತ್ತಿದ್ದಳು.

"ಹಿಡಿಯಂಗಿಲ್ಲ, ಬರೇ ನೋಡ್ತೀನಿ."

"ಮಂದಿಗಿ ಎರಡೂ ಒಂದೇ."

ಅವಳ ಮಾತು ಸರಿ ಇತ್ತು, ಅದಕ್ಕೇ ಸಿಟ್ಟು ಬರುತ್ತಿತ್ತು. ಹಾಗಾಗಿ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಗೂಗೆ ಹೊಲದ ಇಲಿ ತಿನ್ನುತ್ತದೆ, ಅದರ ಕೂಗಿಗೂ ಸಾವಿಗೂ ಸಂಬಂಧವಿಲ್ಲ, ಅದು ಯಾರಿಗೂ ಏನೂ ಮಾಡಲಾರದ ಬಡ ಪಕ್ಷಿ. ಹೋಗಿ ಬರುವ ಬಸ್ಸಿನಲ್ಲಿ ಕೂತು ಇದನ್ನು ಬಾಯಿಪಾಠ ಮಾಡುತ್ತಿದ್ದೆ. ಕೇಳುವವರೇ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಈ ಸಲದ ಎಳ್ಳಮಾವಾಸ್ಯೆಗೆ. ಅಂಗಡಿಗೆ ರಜೆ ಇತ್ತು. ಅಮಾವಾಸ್ಯೆಯ ದಿನ ನನ್ನಂಥವನು ಆ ಕಡೆ ತಲೆ ಹಾಕಬಾರದು, ಗೊತ್ತಿತ್ತು. ಆದರೆ ಪೊಟರೆಯೊಳಗಿಂದ ಕೆಲವು ದಿನಗಳಿಂದ ಬುಸುಬುಸು ಸದ್ದು ಬರುತ್ತಿತ್ತು. ಅದು ಹಾವಲ್ಲ, ಹಸಿದ ಮರಿಗಳು. ಮನಸ್ಸು ತಡೆಯಲಿಲ್ಲ.

ಬಾವಿ ಇರುವ ಹೊಲ ಒಂದು ಕುರಿ ಸಾಕುವ ಮನೆತನದ್ದು. ಅವರು ಬೀಗರು ಬಿಜ್ಜರೊಂದಿಗೆ ಬಂದು, ಜೋಳದ ಬೆಳೆಯಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಊಟಕ್ಕೆ ಕೂತಿದ್ದರು. ನಮ್ಮ ಕಡೆ ಆ ದಿನ ದಾರಿಯಲ್ಲಿ ಹೋಗುವವರನ್ನೂ ಉಣ್ಣಿಸದೆ ಕಳಿಸುವುದಿಲ್ಲ. ಮನೆಯ ಹಿರಿಯಳಾದ ಆಯಿ ನನ್ನನ್ನು ಕಂಡು, "ಬರ್ರಿ ಸಾಹೇಬ್ರ, ಉಣ್ಣಾಕ ಬರ್ರಿ" ಎಂದು ಕರೆದಳು. ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಹಾಕಿಸಿಕೊಂಡು ಕೂತೆ. ಆಗ ಆಯಿಯ ಅಳಿಯನನ್ನು ನೋಡಿದೆ. ಹುಮನಾಬಾದಿನಲ್ಲಿ ನಮ್ಮ ಓಣಿಯವನೇ. ಅವನು ನನ್ನ ಕೊರಳಿನ ದುರ್ಬೀನನ್ನು ನೋಡುತ್ತಿದ್ದ.

"ಇವರು ಗೂಗಿ ಹಿಂದ ಬಿದ್ದೋರು. ಅಮಾವಾಸಿ ದಿನಾನೇ ಬಂದಾರ ನೋಡ್ರಿ," ಎಂದ.

ನಾನು ದುರ್ಬೀನನ್ನು ಅಂಗಿಯೊಳಗೆ ತೂರಿಸಿದೆ. ಅಷ್ಟರಲ್ಲಿ ಆಯಿಯ ಮಗ ಊಟ ಬಿಟ್ಟು ಎದ್ದ. ಅವನ ಕುರಿಮರಿಗಳು ಒಂದರ ಹಿಂದೆ ಒಂದು ಸತ್ತಿದ್ದವಂತೆ. "ಈ ದರಿದ್ರ ಬಾವ್ಯಾಗ ಕುಂತದ. ಇವತ್ತು ಮುಗಿಸೇಬಿಡ್ತೀನಿ," ಎಂದು ಬಾವಿಯ ದಂಡೆಗೆ ಹೋಗಿ ಒಂದು ದಪ್ಪ ಕಲ್ಲು ಎತ್ತಿಕೊಂಡ. ಪೊಟರೆ ಅವನ ಕಣ್ಣೆದುರಿಗೇ ಇತ್ತು. ಒಳಗೆ ಮರಿಗಳು ಬುಸುಗುಟ್ಟಿದವು.

"ಒಗೀಬ್ಯಾಡೋ!" ಎಂದು ಆಯಿ ಕೂಗಿದಳು. "ಒಗದ ಕಲ್ಲು ಗೂಗಿ ಒಯ್ದು ಹಳ್ಳದಾಗ ಹಾಕ್ತದ. ನೀರಾಗ ಕಲ್ಲು ಸವದಂಗ ಒಗದಾಂವ ಸವೀತಾನ."

ಎತ್ತಿದ ಕೈ ಹಾಗೇ ನಿಂತಿತು. ಅಳಿಯ ನಕ್ಕ. ಮಗನಿಗೆ ಅವಮಾನವಾಗಿರಬೇಕು, ಕಲ್ಲು ಹಿಡಿದೇ ನನ್ನ ಕಡೆ ತಿರುಗಿದ. "ಸಾಹೇಬ್ರ, ನೀವು ದಿನಾ ನೋಡಾಕತ್ತೀರಿ. ಇದು ಖರೇ ಏನ್ರಿ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಂಥ ಗಳಿಗೆಗಾಗಿ ಎಷ್ಟು ವರ್ಷ ಕಾದಿದ್ದೆ. ಸುಳ್ಳು ಎಂದರೆ ಸಾಕು, ನಾನು ಮಾಟಗಾರನಲ್ಲ, ತಿಳಿದವನು ಎಂದಾಗುತ್ತಿತ್ತು. ಅಳಿಯನೇ ಅದನ್ನು ನಮ್ಮ ಓಣಿಗೆ ಮುಟ್ಟಿಸುತ್ತಿದ್ದ. ಆದರೆ ಸುಳ್ಳು ಎಂದ ಮರುಕ್ಷಣ ಆ ಕಲ್ಲು ಬಾವಿಗೆ ಬೀಳುತ್ತಿತ್ತು. ನನ್ನ ಭಾಷಣದಲ್ಲಿ ಆ ಕಲ್ಲನ್ನು ತಡೆಯುವ ಒಂದು ಮಾತೂ ಇರಲಿಲ್ಲ. ತಡೆದು ನಿಲ್ಲಿಸಿದ್ದು ಆಯಿಯ ಭಯ.

"ಖರೇ ಅದರಿ," ಎಂದೆ. "ನಾ ಕಣ್ಣಾರೆ ನೋಡೀನಿ."

ಅವನು ಕಲ್ಲನ್ನು ಬಿಸಾಡಲಿಲ್ಲ. ಮಲಗಿದ ಕೂಸನ್ನು ಇಳಿಸುವ ಹಾಗೆ ಮೆಲ್ಲಗೆ ನೆಲಕ್ಕಿಟ್ಟು, ಅಂಗೈ ಒರೆಸಿಕೊಂಡ. ಪಕ್ಕದಲ್ಲಿ ಕೂತಿದ್ದವರು ತಮ್ಮ ತಮ್ಮ ತಾಟು ಎತ್ತಿಕೊಂಡು ಸರಿದರು. ಆಯಿ ಇನ್ನಷ್ಟು ಭಜ್ಜಿ ಹಾಕಿದಳು, ಆದರೆ ಕೈ ಉದ್ದ ಮಾಡಿ ದೂರದಿಂದ. ಪೂರ್ತಿ ಉಂಡೇ ಎದ್ದೆ.

ನಾನು ಹುಮನಾಬಾದಿನಲ್ಲಿ ಬಸ್ ಇಳಿಯುವ ಮೊದಲೇ ಸುದ್ದಿ ಇಳಿದಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮ ಬಾಯಿಲೇ ಹಂಗ ಅಂದೀರಂತ?"

"ಅಂದೀನಿ," ಎಂದು ನಡೆದದ್ದನ್ನೆಲ್ಲ ಹೇಳಿದೆ. ಕಲ್ಲು, ಪೊಟರೆ, ಒಳಗಿನ ಮರಿಗಳು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಮಗಳು ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

"ಮರಿ ಉಳದವು," ಎಂದಳು ಹೆಂಡತಿ. "ನಮ್ಮ ಮಗಳದು ಹ್ಯಾಂಗ?"