ಬದುವಿನ ಹೊಂಗೆ, ಕಾಕಾನ ಬೋಟು

ಗಿಡದ ಎಣ್ಣೆಯಿಂದ ಹಡಗು ನಡೆಸಿದರೆ ಪರಿಸರ ಉಳಿದಂತೆ ಎಂದು ಬಹಳ ಜನ ಹೇಳುತ್ತಾರೆ. ಗಿಡ ಬೆಳೆಯುವಾಗ ಗಾಳಿಯಿಂದ ಹೀರಿದ್ದನ್ನೇ ಎಂಜಿನ್ನು ತಿರುಗಿ ಗಾಳಿಗೆ ಬಿಡುತ್ತದೆ, ಲೆಕ್ಕ ಚುಕ್ತಾ, ಎಂಬುದು ಅವರ ವಾದ. ಕೇಳಲು ಚೆಂದ. ಆದರೆ ಆ ಗಿಡ ಬರುವ ಮೊದಲು ಅದೇ ನೆಲದಲ್ಲಿ ಏನಿತ್ತು ಎಂದು ಯಾಕೆ ಯಾರೂ ಕೇಳುವುದಿಲ್ಲ? ನಮ್ಮಲ್ಲಿ ಜೋಳವಿತ್ತು.

ಜುಗೂಳದ ಹೊಳೆಯಲ್ಲಿ ಅಪ್ಪನ ತಮ್ಮ ಕಾಕಾ ಜನರನ್ನು ದಾಟಿಸುವ ಮೋಟರ್ ಬೋಟು ಇಟ್ಟಿದ್ದ. ನಾನು ಚಿಕ್ಕೋಡಿಯ ಕಾಲೇಜಿನಿಂದ ಚರ್ಚಾಸ್ಪರ್ಧೆಗಳಿಗೆ ಓಡಾಡುತ್ತಿದ್ದ ಕಾಲ. ಆ ಬೇಸಿಗೆ ಅಕ್ಕನ ಗಂಡ ರಜೆಗೆ ಬಂದಿದ್ದರು. ಹಡಗಿನ ಎಂಜಿನ್ ಕೋಣೆಯಲ್ಲಿ ಅವರ ಕೆಲಸ. ಮನೆಯವರೆಲ್ಲ ಅವರನ್ನು ದಾಜಿ ಎನ್ನುತ್ತಿದ್ದೆವು.

ಊಟಕ್ಕೆ ಕೂತಾಗ ದಾಜಿ ಹೇಳಿದರು: “ಇನ್ನ ಮುಂದ ದೊಡ್ಡ ಹಡಗೂ ಗಿಡದ ಎಣ್ಣಿ ಮ್ಯಾಲ ಓಡ್ತಾವ್ರಿ ಕಾಕಾ.”

ಕಾಕಾನ ತುತ್ತು ಬಾಯಿಯ ಹತ್ತಿರವೇ ನಿಂತಿತು. “ಹಂಗಾದ್ರ ಹೊಳಿದಂಡಿ ಹೊಲಕ್ಕ ಹೊಂಗಿ ಹಚ್ಚೂನು!”

ಸುತ್ತೆಲ್ಲ ಕಬ್ಬು. ನಮ್ಮ ಮನೆಯ ರೊಟ್ಟಿಗೆ ಜೋಳ ಬರುತ್ತಿದ್ದುದು ಆ ಒಂದು ತುಂಡಿನಿಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, “ಹಚ್ಚಪಾ, ಹಚ್ಚ. ಬರೂ ವರ್ಷದಿಂದ ಹೊಂಗಿ ರೊಟ್ಟಿ ತಿನ್ನು,” ಎಂದಳು.

ನಾನು ನಡುವೆ ಬಾಯಿ ಹಾಕಿದೆ: “ಬದುವಿನ ಮ್ಯಾಲ ಹಳೇ ಹೊಂಗಿ ಅದಾವಲ್ಲ ಕಾಕಾ? ಅವುಗಳ ಕಾಯಿ ಸುಮ್ನ ಉದುರಿ ಮಣ್ಣಾಗ್ತಾವ. ಹೊಲ ಮುಟ್ಟೂಕಿಂತ ಮೊದಲ ಅದರ ಎಣ್ಣಿ ಬೋಟಿನ್ಯಾಗ ಸುಟ್ಟ ನೋಡು.”

“ಬಂದ್ಲ ನೋಡ ವಕೀಲ್ತಿ,” ಎಂದ ಕಾಕಾ. ಆದರೂ ಕಾಯಿ ಆರಿಸಿದ, ಶೇಡಬಾಳದ ಗಾಣದಲ್ಲಿ ಎಣ್ಣೆ ತೆಗೆಸಿ ತಂದ. ದಾಜಿ ಅದನ್ನು ಸೋಸಿ, ಡೀಸೆಲ್ಲಿಗೆ ಸ್ವಲ್ಪವೇ ಬೆರೆಸಿ ಬೋಟಿನ ಟಾಕಿಗೆ ಹಾಕಿದರು.

ಬೋಟು ನಾಲ್ಕು ಸಲ ಕೆಮ್ಮಿ ಹೊರಟಿತು. ಹಾಲಿನ ಕ್ಯಾನಿನ ಮೇಲೆ ಕೂತವನೊಬ್ಬ ಕಾದ ಎಣ್ಣೆಯ ವಾಸನೆಗೆ ಮೂಗು ಎತ್ತಿ, “ಕ್ಯಾಪ್ಟನ್, ಭಜಿ ಯಾವಾಗ ಕೊಡ್ತಿ?” ಎಂದ. ಬೋಟಿಗೆ ಬೋಟೇ ನಕ್ಕಿತು. ಆದರೆ ಹೊಗೆಯ ಕಪ್ಪು ಕಡಿಮೆಯಾಗಿತ್ತು. ಕಣ್ಣಿಗೆ ಕಂಡದ್ದನ್ನು ಅಲ್ಲಗಳೆಯುವುದು ವಾದವಲ್ಲ, ಹಟ, ಒಪ್ಪಿಕೊಂಡೆ.

ದಂಡೆಗೆ ಬಂದ ಕಾಕಾ ಅದೇ ಹುರುಪಿನಲ್ಲಿ ಹೊಂಗೆ ಎಣ್ಣೆಯ ಡಬ್ಬಿಯನ್ನು ಹೊಳೆಗೇ ಇಳಿಸಿ ತೊಳೆದ. ಡೀಸೆಲ್ ಡಬ್ಬಿಯನ್ನು ಅವನು ಎಂದೂ ಹಾಗೆ ತೊಳೆದವನಲ್ಲ. “ಗಿಡದ್ದೈತಿ, ಏನಾಗಂಗಿಲ್ಲ!” ಒಗೆಯುವ ಕಲ್ಲಿನ ಮಗ್ಗುಲಲ್ಲಿ ನಿಂತ ನೀರಿತ್ತು, ಎಣ್ಣೆ ಅಲ್ಲಿಗೆ ಹರಡಿತು. ನಾವು ನೋಡುತ್ತಿದ್ದಂತೆಯೇ ಅದರಲ್ಲಿದ್ದ ಸಣ್ಣ ಮೀನುಗಳು ವಾಲಾಡಿ ಮೇಲೆ ತೇಲತೊಡಗಿದವು.

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಅವ್ವ ಸೆರಗು ಸಿಕ್ಕಿಸಿ ಎದ್ದಳು. “ದತೂರಿನೂ ಗಿಡದ್ದ ಐತಿ. ತಿಂತಿ ಏನ?”

“ತಪ್ಪಾತ ವೈನಿ,” ಎಂದ ಕಾಕಾ. ಡಬ್ಬಿಯನ್ನು ನೀರಿನಿಂದ ಎತ್ತಿ ದಂಡೆಯ ಮೇಲಿಟ್ಟು ಹೇಳಿದ: “ಗಿಡದ್ದಂತ ಕಣ್ಣ ಮುಚ್ಚಿ ನಂಬಿದ್ನಿ. ಹೊಲ ಜ್ವಾಳಕ್ಕ ಇರ್ಲಿ. ಬದು ಹೊಂಗಿಗೆ.”

ಮಳೆ ಬಿದ್ದ ಮೇಲೆ ಬದುವಿನ ಖಾಲಿ ಜಾಗಗಳಿಗೆಲ್ಲ ಹೊಂಗೆ ಸಸಿ ಬಂದವು. ಡಬ್ಬಿ ತೊಳೆಯಲು ಹೊಳೆಯಿಂದ ದೂರ ಒಂದು ತಗ್ಗು ತೋಡಿದೆವು. ಹೀಗೆ ನಡೆಯುವುದಾದರೆ ಗಿಡದ ಎಣ್ಣೆಗೆ ವಿರೋಧವಾಗಿ ನಾನು ಯಾವ ವೇದಿಕೆಯನ್ನೂ ಹತ್ತುವುದಿಲ್ಲ ಎಂದು ಅಂದೇ ಅನ್ನಿಸಿತ್ತು, ಇಂದಿಗೂ ಹತ್ತಿಲ್ಲ.

ಒಂದು ಮಾತು ಮಾತ್ರ ಉಳಿಯಿತು. ರಜೆ ಮುಗಿಸಿ ದಾಜಿ ಹಡಗಿಗೆ ಹೊರಟಾಗ ಹೊಳೆ ದಾಟಿಸಿದ್ದು ಅದೇ ಬೋಟು. ನಡುಹೊಳೆಯಲ್ಲಿ ಕೇಳಿದೆ:

“ಕಾಕಾನ ಬೋಟಿಗೆ ನಮ್ಮ ಬದು ಸಾಕಾತ್ರಿ ದಾಜಿ. ನಿಮ್ಮ ಹಡಗಿಗೆ ಬದು ಸಾಲದಾದಾಗ ಯಾರ ಜ್ವಾಳದ ಹೊಲ ಕೇಳ್ತೀರಿ?”